ಕೆಟ್ಟ ಸುದ್ದಿ ಎಷ್ಟು ಗಂಟೆಗೆ ಬಂತು?

ಹೋದ ಹದಿನೈದು ದಿನದಲ್ಲಿ ಒಂಬತ್ತು ಜನ ಹುಡುಗರ ಇಂಟರ್‌ವ್ಯೂ ಮಾಡಿದೆ. ಒಂಬತ್ತು ಜನಕ್ಕೂ ಒಂದು ಪ್ರಶ್ನೆ ಕೇಳಿದೆ. ಕೇಳಿ ಪ್ರಯೋಜನ ಇಲ್ಲ ಅಂತ ಗೊತ್ತಿದ್ದೂ ಕೇಳಿದೆ. "ಪ್ರೆಷರ್ ತಡ್ಕೋತೀಯಾ?" ಒಂಬತ್ತು ಜನವೂ "ತಡ್ಕೋತೀನಿ ಮೇಡಂ" ಅಂದರು. ಅದರಲ್ಲಿ ಒಬ್ಬ "ಪ್ರೆಷರ್ ಇದ್ರೇನೇ ಮೇಡಂ ನಂಗೆ ಕೆಲಸ ಮಾಡೋಕೆ ಮೂಡ್ ಬರೋದು" ಅಂತಲೂ ಹೇಳಿದ. ಹೇಳುವಾಗ ಅವನ ಮೊಣಕಾಲು ಮೇಜಿನ ಕೆಳಗೆ ಹೊಲಿಗೆ ಮಿಷನ್ ಥರ ಆಡುತ್ತಿತ್ತು. ಪಾಪ, ಅವನಾದರೂ ಇನ್ನೇನು ಹೇಳಬೇಕು? "ಇಲ್ಲ, ನಂಗೆ ಭಯ ಆಗುತ್ತೆ" ಅಂದರೆ ನಾನು ಕೆಲಸ ಕೊಡ್ತಿದ್ನಾ?

ನಮ್ಮದು ಕೋಲಾರದಲ್ಲಿ ಡ್ರಿಪ್ ಪೈಪು, ಪಂಪ್‌ಸೆಟ್, ಗಿಡದ ಬುಡದ ಮಣ್ಣಿಗೆ ಹೊದಿಸುವ ಮಲ್ಚಿಂಗ್ ಶೀಟ್ ಮಾರುವ ಅಂಗಡಿ. ಅಪ್ಪ ಪಂಪ್‌ಸೆಟ್‌ನಿಂದ ಶುರು ಮಾಡಿದ್ದು. ನಾನು ಬಂದ ಮೇಲೆ ಡ್ರಿಪ್ ಜಾಸ್ತಿಯಾಯಿತು. ಮುಳಬಾಗಿಲು, ಶ್ರೀನಿವಾಸಪುರ, ಮಾಲೂರು, ಬಂಗಾರಪೇಟೆ, ಈ ಕಡೆ ಚಿಂತಾಮಣಿವರೆಗೆ ಬೈಕಿನಲ್ಲಿ ಸುತ್ತೋಕೆ ಆರು ಹುಡುಗರು ಬೇಕು. ಇದ್ದಿದ್ದು ಆರು ಜನ, ಈಗ ನಾಲ್ಕು. ಒಬ್ಬ ನರಸಾಪುರದ ಕಾರ್ಖಾನೆಗೆ ಹೋದ, ಇನ್ನೊಬ್ಬ ವೇಮಗಲ್ ಕಡೆಯದಕ್ಕೆ. ಅಲ್ಲಿ ಬಸ್ಸು ಊರಿಗೇ ಬಂದು ಕರೆದುಕೊಂಡು ಹೋಗುತ್ತೆ. ಶಿಫ್ಟ್ ಮುಗಿದ ಮೇಲೆ ಯಾವ ರೈತನೂ ಫೋನ್ ಮಾಡಿ ಬೈಯಲ್ಲ. ಹೋಗಬೇಡ ಅನ್ನೋಕೆ ನನಗೆ ಬಾಯಿ ಬರಲಿಲ್ಲ.

ಪ್ರೆಷರ್ ಅನ್ನೋದು ನಮಗೆ ದಿನಾ ಬಾಯಲ್ಲಿರುವ ಮಾತು. ಡ್ರಿಪ್ ಸರಿಯಾಗಿ ನಡೆಯೋಕೆ ಸುಮಾರು ಒಂದು ಕೆಜಿ ಪ್ರೆಷರ್ ಬೇಕು. ಕಡಿಮೆಯಾದರೆ ಸಾಲಿನ ಕೊನೆಯ ಗಿಡಕ್ಕೆ ನೀರು ಮುಟ್ಟಲ್ಲ, ಜಾಸ್ತಿಯಾದರೆ ಜಾಯಿಂಟ್ ಕಿತ್ತು ಬರುತ್ತೆ. ಅದಕ್ಕೆ ಗೇಜ್ ಇದೆ. ತಿರುಗಿಸಿ ಕೂರಿಸಿದರೆ ಮುಳ್ಳು ಹೇಳಿಬಿಡುತ್ತೆ. ಮನುಷ್ಯರಿಗೂ ಅಂಥದ್ದೊಂದು ಗೇಜ್ ಇದೆ ಅಂತ ನಾನು ಬಹಳ ವರ್ಷ ನಂಬಿದ್ದೆ. ಚೆನ್ನಾಗಿ ಮಾತಾಡಿದರೆ ಗಟ್ಟಿ, ತೊದಲಿದರೆ ಮೆತ್ತಗೆ. "ಈ ಪೆನ್ನು ನಂಗೆ ಮಾರು ನೋಡೋಣ" ಅನ್ನುವ ಆಟವನ್ನೂ ಆಡಿಸಿದ್ದೀನಿ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತೆ.

ಮಾರ್ಚ್ ತಿಂಗಳ ಹುಲಿ

ಆ ಪೆನ್ನಿನ ಆಟದಲ್ಲಿ ಗೆದ್ದು ಕೆಲಸಕ್ಕೆ ಸೇರಿದವನೊಬ್ಬನಿದ್ದ. ಕನ್ನಡ, ತೆಲುಗು ಎರಡೂ ನೀರು ಕುಡಿದ ಹಾಗೆ. ನಮ್ಮ ಕಡೆ ತೆಲುಗು ಬರದಿದ್ದರೆ ಶ್ರೀನಿವಾಸಪುರ, ಮುಳಬಾಗಿಲ ಹಳ್ಳಿಗಳಲ್ಲಿ ಅರ್ಧ ವ್ಯಾಪಾರ ಬಿಟ್ಟ ಹಾಗೇ. ರೈತರನ್ನು ಮಾವ ಅನ್ನುತ್ತಿದ್ದ, ಅವರ ಹೆಂಡತಿಯರನ್ನು ಅತ್ತೆ ಅನ್ನುತ್ತಿದ್ದ, ಹೋದ ಮನೆಯಲ್ಲೆಲ್ಲ ಊಟ ಮಾಡಿಕೊಂಡು ಬರುತ್ತಿದ್ದ. ಡೀಲರ್‌ಗಳ ಹತ್ತಿರವೂ ಅಷ್ಟೇ. ಮೂರು ತಿಂಗಳಲ್ಲಿ ಅವನ ಬಿಲ್ಲು ಮಿಕ್ಕ ಇಬ್ಬರ ಬಿಲ್ಲು ಸೇರಿಸಿದಷ್ಟು. ನಾನಂತೂ ಉಳಿದವರಿಗೆ "ಅವನನ್ನ ನೋಡಿ ಕಲೀರಿ" ಅನ್ನುತ್ತಿದ್ದೆ. ಈ ಮಾತು ಹೇಳಿದ ಯಜಮಾನಿ ಉದ್ಧಾರವಾದ ಕಥೆ ನಾನು ಕೇಳಿಲ್ಲ.

ವರ್ಷದ ಕೊನೆ ಬಂದರೆ ಈ ವ್ಯಾಪಾರದಲ್ಲಿ ಏನಾಗುತ್ತೆ ಅಂತ ಮಾಡುವವರಿಗೆಲ್ಲ ಗೊತ್ತು. ಕಂಪನಿಯ ಸ್ಲ್ಯಾಬ್, ಅಂದರೆ ಅವರು ಗೊತ್ತುಮಾಡಿದ ಮಾರಾಟದ ಮೊತ್ತ, ಮುಟ್ಟಬೇಕು. ಮುಟ್ಟಿದರೆ ವರ್ಷಪೂರ್ತಿ ಮಾರಿದ್ದಕ್ಕೆಲ್ಲ ಡಿಸ್ಕೌಂಟ್, ಎರಡು ಲಕ್ಷ ಕಡಿಮೆಯಾದರೆ ಏನೂ ಇಲ್ಲ. 2023ರ ಮಾರ್ಚ್ ಕೊನೆಯ ವಾರ ನಾವು ಆರು ಲಕ್ಷ ಹಿಂದಿದ್ದೆವು. ಹುಲಿ ಬಂತು, "ಅಕ್ಕಾ, ಬಿಟ್ಬಿಡಿ, ನಾನ್ ನೋಡ್ಕೋತೀನಿ" ಅಂತು. 31ನೇ ತಾರೀಕು ಸಂಜೆಗೆ ಆರೂವರೆ ಲಕ್ಷದ ಬಿಲ್ಲು. ನಾನು ಎಲ್ಲರಿಗೂ ಬಿರಿಯಾನಿ ತರಿಸಿದೆ.

ಮೇ ತಿಂಗಳಲ್ಲಿ ಮಾಲೂರು ಕಡೆಯ ಡೀಲರ್ ಒಬ್ಬರು ಫೋನ್ ಮಾಡಿದರು. "ಅಮ್ಮಾ, ನಿಮ್ಮ ಮಲ್ಚಿಂಗ್ ರೋಲು ಯಾವಾಗ ವಾಪಸ್ ತಗೊಂಡು ಹೋಗ್ತೀರಿ? ಇಲಿ ಕಚ್ತಾ ಇದೆ." ಯಾವ ರೋಲು ಅಂದೆ. ಅವರು ನಕ್ಕರು. ಮಾರ್ಚ್ 30ರ ರಾತ್ರಿ ಒಂದು ಗಾಡಿ ತುಂಬ ಮಾಲು ಅವರ ಗೋಡೌನಿಗೆ ಇಳಿದಿತ್ತಂತೆ. "ಸುಮ್ನೆ ಬಿಲ್ ಮಾಡ್ಸಿ ಅಣ್ಣಾ, ಏಪ್ರಿಲ್‌ನಲ್ಲಿ ರಿಟರ್ನ್ ಮಾಡ್ಕೋತೀವಿ, ಅಕ್ಕಂಗೂ ಗೊತ್ತು" ಅಂತ ನಮ್ಮ ಹುಡುಗ ಹೇಳಿದ್ದನಂತೆ. ಅಕ್ಕನಿಗೆ ಗೊತ್ತಿರಲಿಲ್ಲ. ಅಥವಾ, ನಿಜ ಹೇಳಬೇಕು ಅಂದರೆ, ನಾಲ್ಕು ದಿನದಲ್ಲಿ ಆರೂವರೆ ಲಕ್ಷ ಎಲ್ಲಿಂದ ಬಂತು ಅಂತ ಅಕ್ಕ ಕೇಳಿರಲಿಲ್ಲ. ಹಾಗೆ ಇನ್ನೂ ಮೂರು ಗೋಡೌನು ಸಿಕ್ಕಿತು. ಜೂನ್‌ನಲ್ಲಿ ಅವನು ಕೆಲಸ ಬಿಟ್ಟ. ಬಿಡಿಸಿದೆ ಅಂತಲೇ ಇಟ್ಟುಕೊಳ್ಳಿ.

ಹೊಂಡದ ಪಾಚಿ

ಕಥೆ ಅಲ್ಲಿಗೆ ಮುಗಿದಿದ್ದರೆ ಅವನೊಬ್ಬ ಕಳ್ಳ ಅಂತ ಹೇಳಿ ನಾನು ನೆಮ್ಮದಿಯಾಗಿ ಇರುತ್ತಿದ್ದೆ. ಅಷ್ಟರಲ್ಲಿ ಜುಲೈ ಬಂತು. 2023ರ ಜುಲೈ ಕೋಲಾರದವರಿಗೆ ಯಾರೂ ನೆನಪಿಸಬೇಕಾಗಿಲ್ಲ. ಎಪಿಎಂಸಿಯಲ್ಲಿ 15 ಕೆಜಿ ಟೊಮೆಟೊ ಬಾಕ್ಸ್ ಎರಡು ಸಾವಿರ ದಾಟಿತ್ತು. ರಾತ್ರಿ ತೋಟ ಕಾಯೋಕೆ ಮಂಚ ಹಾಕಿಕೊಂಡು ಮಲಗುತ್ತಿದ್ದ ಕಾಲ. ಒಂದು ದಿನ ನೀರು ತಪ್ಪಿದರೆ ಎಷ್ಟು ಬಾಕ್ಸ್ ಹೋಯಿತು ಅಂತ ರೈತ ಬೆರಳಲ್ಲೇ ಲೆಕ್ಕ ಹೇಳುತ್ತಿದ್ದ.

ಆ ತಿಂಗಳ ಒಂದು ಬೆಳಗ್ಗೆ ಎಂಟೂ ಹತ್ತಕ್ಕೆ ಫೋನ್ ಬಂತು. ಹುಲಿ ಬಿಟ್ಟುಹೋದ ಏರಿಯಾ ನೋಡಿಕೊಳ್ಳೋಕೆ ಅಂತ ಹಾಕಿದ್ದ ಹೊಸ ಹುಡುಗ. ಮಾತು ಕಡಿಮೆ. ಇವನನ್ನು ಸೇಲ್ಸಿಗೆ ಹಾಕಿದ್ದು ಬೇರೆ ಯಾರೂ ಸಿಗಲಿಲ್ಲ ಅಂತ ಅಷ್ಟೇ. "ಅಕ್ಕಾ, ಶ್ರೀನಿವಾಸಪುರ ಕಡೆ ತೋಟದಲ್ಲಿದ್ದೀನಿ. ಮೂರು ಎಕರೆಯಲ್ಲಿ ಅರ್ಧ ಡ್ರಿಪ್ಪರ್ ಕಟ್ಕೊಂಡಿವೆ. ತಪ್ಪು ನಮ್ಮದೇ. ಕೃಷಿ ಹೊಂಡದ ನೀರಿಗೆ ಬರೀ ಸ್ಕ್ರೀನ್ ಫಿಲ್ಟರ್ ಕೊಟ್ಟಿದ್ದೀವಿ. ಅಣ್ಣ ಬೈತಿದ್ದಾರೆ, ಬೈಲಿ. ನೀವು ಸ್ಯಾಂಡ್ ಫಿಲ್ಟರ್ ಗಾಡಿಗೆ ಹಾಕಿಸ್ಕೊಂಡು ಬನ್ನಿ. ದುಡ್ಡಿನ ಮಾತು ಇವತ್ತು ಬೇಡ."

ನನಗೆ ಮೊದಲು ಬಂದಿದ್ದು ಸಿಟ್ಟು, ಅದೂ ಅವನ ಮೇಲೆ. ರೈತ ಪಕ್ಕದಲ್ಲೇ ನಿಂತಿರುವಾಗ "ತಪ್ಪು ನಮ್ಮದೇ" ಅಂತ ಯಾರಾದರೂ ಹೇಳ್ತಾರಾ? ಸ್ಯಾಂಡ್ ಫಿಲ್ಟರ್ ಅಂದರೆ ಮೂವತ್ತು ಸಾವಿರ ಚಿಲ್ಲರೆ. ಆದರೂ ಗೂಡ್ಸ್ ಆಟೋಗೆ ಹಾಕಿಸಿಕೊಂಡು ಹೊರಟೆ.

ನಮ್ಮ ಕಡೆಯ ನೀರಿನ ವಿಷಯ ಒಂದು ಮಾತು. ಸಾವಿರ ಅಡಿ ದಾಟಿದ ಬೋರ್‌ವೆಲ್ಲಿನಲ್ಲಿ ಬರುವುದು ಎರಡಿಂಚು ನೀರು, ಕರೆಂಟು ಇರುವಷ್ಟು ಹೊತ್ತು. ಅದನ್ನು ನೇರವಾಗಿ ಡ್ರಿಪ್ಪಿಗೆ ಬಿಟ್ಟರೆ ಸಾಲೋದಿಲ್ಲ. ಅದಕ್ಕೇ ಪ್ಲಾಸ್ಟಿಕ್ ಹಾಸಿದ ಹೊಂಡಕ್ಕೆ ತುಂಬಿಸಿ, ಅಲ್ಲಿಂದ ಇನ್ನೊಂದು ಪಂಪಿನಲ್ಲಿ ಎತ್ತುತ್ತಾರೆ. ಬೋರ್ ನೀರಿನಲ್ಲಿ ಇರೋದು ಮರಳು, ಸುಣ್ಣ. ಅದೇ ನೀರು ಹೊಂಡದಲ್ಲಿ ಬಿಸಿಲಿಗೆ ನಿಂತರೆ ಪಾಚಿ. ಪಾಚಿ ತಡೆಯೋಕೆ ಬರೀ ಜಾಲರಿ ಸಾಲದು, ಮರಳಿನ ಫಿಲ್ಟರೇ ಬೇಕು. ಇದು ನಮ್ಮ ಅಂಗಡಿಯಲ್ಲಿ ಕಸ ಗುಡಿಸುವ ಹುಡುಗನಿಗೂ ಗೊತ್ತು.

ನಾನು ಹೋದಾಗ ಹನ್ನೊಂದು ಗಂಟೆ. ಹಣ್ಣು ಕೀಳೋಕೆ ಬಂದಿದ್ದ ಹೆಂಗಸರು ಕೆಲಸ ನಿಲ್ಲಿಸಿ ಬದುವಿನ ಮೇಲೆ ಕೂತು ನೋಡುತ್ತಿದ್ದರು. ರೈತ "ನೀ ಪೈಪುಲು ನುವ್ವೇ ಎತ್ತುಕೊನಿ ಪೋ" (ನಿನ್ನ ಪೈಪು ನೀನೇ ಎತ್ಕೊಂಡು ಹೋಗು) ಅಂತ ತೆಲುಗಿನಲ್ಲಿ ಕೂಗುತ್ತಿದ್ದರು. ಕೂಗಿ ಕೂಗಿ ಗಂಟಲು ಕಟ್ಟಿತ್ತು. ನಮ್ಮ ಹುಡುಗ ಸಾಲಿನ ಕೊನೆಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ. ಲ್ಯಾಟರಲ್‌ನ, ಅಂದರೆ ಸಾಲಿಗೆ ಹಾಸಿದ ಸಣ್ಣ ಪೈಪಿನ, ಎಂಡ್ ಕ್ಯಾಪ್ ಬಿಚ್ಚೋದು, ಬಂದ ನೀರನ್ನು ಅಂಗೈಗೆ ಹಿಡಿಯೋದು, ಹಸಿರು ಲೋಳೆ ಬರೋದು ನಿಂತ ಮೇಲೆ ಮುಚ್ಚಿ ಮುಂದಿನ ಸಾಲಿಗೆ ಹೋಗೋದು. ಆಗಲೇ ನಲವತ್ತು ಸಾಲು ಮುಗಿಸಿದ್ದ. ಪ್ಯಾಂಟು ಮೊಣಕಾಲವರೆಗೆ ಕೆಸರು. ಅವರು ಕೂಗಿದಾಗ ತಲೆ ಎತ್ತಿ ಕೇಳಿಸಿಕೊಳ್ಳುತ್ತಿದ್ದ, "ಹೂಂ ಅಣ್ಣಾ" ಅನ್ನುತ್ತಿದ್ದ, ಮತ್ತೆ ಕ್ಯಾಪ್ ಬಿಚ್ಚುತ್ತಿದ್ದ. ಸಮಜಾಯಿಷಿ ಇಲ್ಲ. ಗೋಗರೆಯೋದೂ ಇಲ್ಲ. ಒಂದು ಸಲ ಮಾತ್ರ ಅಂಗೈಯಲ್ಲಿದ್ದ ಲೋಳೆಯನ್ನು ಹಾಗೇ ಎತ್ತಿಕೊಂಡು ಹೋಗಿ ತೋರಿಸಿ, "ಅಣ್ಣಾ, ಹೊಂಡಕ್ಕೆ ಮೀನು ಬಿಟ್ಟಿದ್ದೀರಾ? ಕ್ಲೋರಿನ್ ಬಿಡ್ಬೇಕು, ಅದ್ಕೇ ಕೇಳ್ದೆ" ಅಂದ. ರೈತ ಬೈಯೋದು ನಿಲ್ಲಿಸಿ, "ಇಲ್ಲ, ಹೋದ ವರ್ಷ ಬಿಟ್ಟಿದ್ದೆ" ಅಂದರು. ಬೈಗುಳ ಕೆಲಸದ ಮಾತಾಗಿ ತಿರುಗಿದ್ದು ಆ ಮೀನಿನಿಂದ. ಸಂಜೆ ಫಿಲ್ಟರ್ ಕೂರಿಸಿ ಹೊರಡುವಾಗ ಆಟೋದಲ್ಲಿ ಎರಡು ಬಾಕ್ಸ್ ಟೊಮೆಟೊ ಇತ್ತು. ಆ ತಿಂಗಳ ರೇಟಿನಲ್ಲಿ ಅದೇನು ಸಣ್ಣ ಮಾತಲ್ಲ.

ಅಂಗಡಿಗೆ ಬಂದು ಆ ತೋಟದ ಎಸ್ಟಿಮೇಟ್ ಹುಡುಕಿದೆ. ಮಾರ್ಚ್ 29ರ ಕಾಗದ, ಹುಲಿಯ ಅಕ್ಷರ. ಸ್ಯಾಂಡ್ ಫಿಲ್ಟರ್ ಮೊದಲು ಬರೆದಿತ್ತು. ಆಮೇಲೆ ಅದರ ಮೇಲೆ ಗೀಟು ಎಳೆದಿತ್ತು. ಪಕ್ಕದ ಅಂಗಡಿಯವರ ರೇಟಿಗಿಂತ ಕೆಳಗೆ ತರೋಕೆ. ನಾನು ಕುತೂಹಲಕ್ಕೆ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಅದೇ ದಿನ ಏನಿತ್ತು ಅಂತ ಮೇಲೆ ಹೋಗಿ ನೋಡಿದೆ. ಬೆಳಗ್ಗೆ ಆರೂ ಮುಕ್ಕಾಲಿಗೆ ನನ್ನದೇ ಮೆಸೇಜು: "ಇನ್ನು ಎರಡೇ ದಿನ. ಇವತ್ತು ಖಾಲಿ ಕೈಲಿ ಯಾರೂ ವಾಪಸ್ ಬರಬೇಡಿ." ಕೆಳಗೆ ಹುಲಿ ಹೆಬ್ಬೆರಳು ಎತ್ತಿತ್ತು.

ಬೇರೆಯವರ ಲೆಕ್ಕ

ಬೆಂಗಳೂರಿನಲ್ಲಿ ಎಚ್‌ಆರ್ ಕೆಲಸದಲ್ಲಿರುವ ನನ್ನ ತಂಗಿಗೆ ಇದನ್ನೆಲ್ಲ ಹೇಳಿಕೊಂಡಾಗ ಅವಳು ಓದೋಕೆ ಒಂದಷ್ಟು ಕಳಿಸಿದಳು. ಅಮೆರಿಕದ ಫ್ರ್ಯಾಂಕ್ ಶ್ಮಿಟ್ ಮತ್ತು ಜಾನ್ ಹಂಟರ್ ಅನ್ನುವವರು 1998ರಲ್ಲಿ ಎಂಬತ್ತೈದು ವರ್ಷದ ಸಂಶೋಧನೆಗಳನ್ನು ಒಟ್ಟು ಹಾಕಿ, ಕೆಲಸಕ್ಕೆ ತೆಗೆದುಕೊಳ್ಳುವಾಗ ಯಾವ ಪರೀಕ್ಷೆ ಎಷ್ಟು ನಿಜ ಹೇಳುತ್ತೆ ಅಂತ ಲೆಕ್ಕ ಹಾಕಿದ್ದರು. ಪೂರ್ತಿ ಸರಿಯಾದರೆ ಒಂದು, ಏನೂ ಇಲ್ಲದಿದ್ದರೆ ಸೊನ್ನೆ. ಆ ಕೆಲಸದ ಒಂದು ತುಂಡನ್ನೇ ಮಾಡಿಸಿ ನೋಡುವುದಕ್ಕೆ 0.54. ನಾನು ಮಾಡುತ್ತಿದ್ದ ಹಾಗೆ ಬಾಯಿಗೆ ಬಂದದ್ದು ಕೇಳುವ ಇಂಟರ್‌ವ್ಯೂಗೆ 0.38. ಎಷ್ಟು ವರ್ಷ ಅನುಭವ ಅನ್ನೋದಕ್ಕೆ ಬರೀ 0.18. ಆಮೇಲೆ 2022ರಲ್ಲಿ ಪಾಲ್ ಸ್ಯಾಕೆಟ್ ಮತ್ತು ಜೊತೆಯವರು ಅದೇ ಲೆಕ್ಕವನ್ನು ಮತ್ತೆ ಮಾಡಿ ಬಹಳಷ್ಟು ಅಂಕಿಗಳನ್ನು ಕೆಳಗಿಳಿಸಿದರು. ಅವರ ಪ್ರಕಾರ ಎಲ್ಲರಿಗೂ ಮೊದಲೇ ಗೊತ್ತುಮಾಡಿದ ಒಂದೇ ಪ್ರಶ್ನೆಗಳನ್ನು ಕೇಳಿ ಅಂಕ ಕೊಡುವ ಇಂಟರ್‌ವ್ಯೂ ಮೇಲಕ್ಕೆ ಬಂತು. ಅನುಭವದ ವರ್ಷ ಎರಡು ಲೆಕ್ಕದಲ್ಲೂ ಕೆಳಗೇ. ನಾನು ಹದಿನಾಲ್ಕು ವರ್ಷ "ಫೀಲ್ಡ್‌ನಲ್ಲಿ ಎಷ್ಟು ವರ್ಷ ಇದ್ದೆ?" ಅಂತ ಮೊದಲು ಕೇಳಿಕೊಂಡು ಬಂದವಳು.

ಬಾಯಿ ಇದ್ದವನು ಮಾರ್ತಾನೆ ಅನ್ನೋದಕ್ಕೂ ಒಂದು ಏಟು ಬಿತ್ತು. ಆಡಂ ಗ್ರ್ಯಾಂಟ್ ಅನ್ನುವ ಪ್ರೊಫೆಸರು ಕಾಲ್ ಸೆಂಟರಿನಲ್ಲಿ ಮಾರುವ 340 ಜನರನ್ನು ಮೂರು ತಿಂಗಳು ನೋಡಿ 2013ರಲ್ಲಿ ಬರೆದದ್ದು: ಜಾಸ್ತಿ ದುಡ್ಡು ತಂದವರು ತೀರಾ ವಾಚಾಳಿಗಳೂ ಅಲ್ಲ, ತೀರಾ ಮೌನಿಗಳೂ ಅಲ್ಲ, ನಡುವಿನವರು. ಹಾಗಂತ ನನ್ನ ಮೀನಿನ ಹುಡುಗ ನಡುವಿನವನು ಅಂತ ಹೇಳೋಕೆ ಆಗಲ್ಲ. ಅವನು ಮೌನದ ಕಡೆಯೇ. ಅವನ ವಿಷಯ ಬೇರೆ ಇತ್ತು, ಅದು ನನಗೆ ಹೊಳೆಯೋಕೆ ಸ್ವಲ್ಪ ದಿನ ಹಿಡಿಯಿತು.

ತಂಗಿ ಕಳಿಸಿದ್ದರಲ್ಲಿ ನನಗೆ ನಿದ್ದೆ ಕೆಡಿಸಿದ್ದು ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕಿನ ಕಥೆ. ಒಬ್ಬೊಬ್ಬ ಗಿರಾಕಿಗೆ ಎಂಟೆಂಟು ಖಾತೆ, ಕಾರ್ಡು ಮಾರಬೇಕು ಅಂತ ಅಲ್ಲಿ ಟಾರ್ಗೆಟ್ ಇತ್ತಂತೆ. ಕೊನೆಗೆ ನೌಕರರು ಗಿರಾಕಿಗಳಿಗೆ ಗೊತ್ತಿಲ್ಲದ ಹಾಗೆ ಲಕ್ಷಗಟ್ಟಲೆ ಖಾತೆ ತೆಗೆದರು. 2016ರಲ್ಲಿ 18.5 ಕೋಟಿ ಡಾಲರ್ ದಂಡ ಬಿತ್ತು. ಅಷ್ಟರಲ್ಲಿ ಸುಮಾರು 5,300 ಜನರನ್ನು ಕೆಲಸದಿಂದ ತೆಗೆದಿದ್ದರು. ಐದು ಸಾವಿರದ ಮುನ್ನೂರು ಜನ ಕಳ್ಳರು ಒಂದೇ ಬ್ಯಾಂಕಿಗೆ ಹೇಗೆ ಬಂದು ಸೇರ್ತಾರೆ? ನನ್ನ ಗೋಡೌನಿನ ರೋಲುಗಳು ಆ ಕಥೆಯ ಕೋಲಾರದ ಅವತಾರ, ಅಷ್ಟೇ.

ಆ ರೋಲು ಕಚ್ಚಿದ ಇಲಿ ನೆನಪಾದ ಮೇಲೆ ಇದೂ ಹೇಳಿಬಿಡ್ತೀನಿ. 1908ರಲ್ಲಿ ಯರ್ಕ್ಸ್, ಡಾಡ್ಸನ್ ಅನ್ನುವ ಇಬ್ಬರು ಇಲಿಗಳಿಗೆ ಕಪ್ಪು ಪೆಟ್ಟಿಗೆ, ಬಿಳಿ ಪೆಟ್ಟಿಗೆ ಗುರುತಿಸೋದು ಕಲಿಸಿದರು. ತಪ್ಪಿದರೆ ಕರೆಂಟ್ ಶಾಕ್. ಸುಲಭವಾಗಿ ಗೊತ್ತಾಗುವ ಹಾಗಿದ್ದಾಗ ಶಾಕ್ ಜೋರಾದಷ್ಟೂ ಬೇಗ ಕಲಿತವು. ಪೆಟ್ಟಿಗೆಗಳ ಬೆಳಕಿನ ವ್ಯತ್ಯಾಸ ಕಡಿಮೆ ಮಾಡಿ ಕಷ್ಟ ಮಾಡಿದಾಗ, ಮೆತ್ತನೆಯ ಶಾಕ್ ಕೊಟ್ಟ ಇಲಿಗಳೇ ಬೇಗ ಕಲಿತದ್ದು. ಕರಪತ್ರ ಹಂಚೋಕೆ ಹುಡುಗರನ್ನು ಓಡಿಸಬೇಕಾದರೆ ನನ್ನ ಆರೂ ಮುಕ್ಕಾಲಿನ ಮೆಸೇಜು ನಡೆಯುತ್ತೆ. ಮೂರು ಎಕರೆಗೆ ಡ್ರಿಪ್ ಡಿಸೈನ್ ಮಾಡಿ, ಹೊಂಡ ನೋಡಿ, ಯಾವ ಫಿಲ್ಟರ್ ಅಂತ ಯೋಚಿಸುವವನಿಗೆ ಅದೇ ಮೆಸೇಜು ಶಾಕ್.

ಚೀಟಿ ಬರೆಯುತ್ತಿದ್ದವನು

ಆ ಹುಡುಗನ ಹಳೇ ಕೆಲಸ ಏನು ಅಂತ ನಾನು ಸರಿಯಾಗಿ ಕೇಳಿರಲೇ ಇಲ್ಲ. ಅರ್ಜಿಯಲ್ಲಿ "ಎಪಿಎಂಸಿ, 3 ವರ್ಷ" ಅಂತ ಇತ್ತು, ಲೋಡಿಂಗ್ ಅಂದುಕೊಂಡಿದ್ದೆ. ಒಂದು ದಿನ ಟೀ ಕುಡಿಯುವಾಗ ಕೇಳಿದೆ. ಟೊಮೆಟೊ ಮಂಡಿಯೊಂದರಲ್ಲಿ ಚೀಟಿ ಬರೆಯುತ್ತಿದ್ದನಂತೆ. ಹರಾಜು ಮುಗಿದ ಮೇಲೆ ಇಂಥವರ ಇಷ್ಟು ಬಾಕ್ಸ್ ಇಷ್ಟಕ್ಕೆ ಹೋಯಿತು ಅಂತ ಬರೆದು ರೈತರ ಕೈಗೆ ಕೊಡೋದು. ಎರಡು ಸಾವಿರಕ್ಕೆ ಹೋದ ದಿನ ಯಾರು ಬೇಕಾದರೂ ಚೀಟಿ ಕೊಡಬಹುದು. ಬಾಕ್ಸಿಗೆ ಐವತ್ತು, ಅರವತ್ತು ಸಿಕ್ಕ ದಿನ? ಕಿತ್ತ ಕೂಲಿಯೂ ಗಿಟ್ಟದೆ ಹಣ್ಣನ್ನು ರಸ್ತೆ ಪಕ್ಕ ಸುರಿದು ಹೋಗುವುದನ್ನು ನಾವೆಲ್ಲ ನೋಡಿದ್ದೀವಿ. ಸುರಿಯುವ ಮೊದಲು ಯಾರೋ ಒಬ್ಬರು ರೇಟು ಹೇಳಿರ್ತಾರಲ್ಲ, ಅವನು ಇವನು.

"ಮೊದಮೊದ್ಲು ಚೀಟಿ ಮಡಚಿ ಕೊಡ್ತಿದ್ದೆ ಅಕ್ಕಾ, ಆಮೇಲೆ ನೋಡ್ಕೊಳ್ಳಲಿ ಅಂತ. ಅವ್ರು ಆಚೆ ಹೋಗಿ ಬಿಚ್ಚಿ ನೋಡಿ ವಾಪಸ್ ಬಂದು ಹೊಡೆಯೋಕೆ ಬರೋರು. ಆಮೇಲೆ ಬಿಚ್ಚೇ ಕೊಡೋಕೆ ಶುರು ಮಾಡ್ದೆ. ರೇಟು ಬಾಯಲ್ಲೇ ಹೇಳಿ, ಅಲ್ಲೇ ನಿಂತ್ಕೋತಿದ್ದೆ. ಬೈಯೋರು, ಆದ್ರೆ ಹೊಡೀತಿರ್ಲಿಲ್ಲ."

ಇದನ್ನು ಕೇಳಿದ ಮೇಲೆ ನಾನು ಕೇಳುವ ಪ್ರಶ್ನೆ ಬದಲಾಯಿತು. ಪ್ರೆಷರ್ ತಡ್ಕೋತೀಯಾ ಅನ್ನೋದು ಈಗಲೂ ಅಭ್ಯಾಸಬಲದಿಂದ ಬಾಯಿಗೆ ಬರುತ್ತೆ, ಅಂಕ ಕೊಡಲ್ಲ. ಅಂಕ ಇರೋದು ಇದಕ್ಕೆ: "ಕೊನೇ ಸಲ ಯಾರಿಗೆ ಕೆಟ್ಟ ಸುದ್ದಿ ಹೇಳಿದೆ? ನಿನಗೆ ಗೊತ್ತಾಗಿದ್ದು ಎಷ್ಟು ಹೊತ್ತಿಗೆ, ಅವರಿಗೆ ಹೇಳಿದ್ದು ಎಷ್ಟು ಹೊತ್ತಿಗೆ?" ಈ ನಡುವಿನ ಅಂತರ ನನಗೆ ಬೇಕು. ಹುಲಿ ಆರೂವರೆ ಲಕ್ಷದ ಸುಳ್ಳನ್ನು ಎರಡು ತಿಂಗಳು ನಗುನಗುತ್ತಾ ಹೊತ್ತುಕೊಂಡು ಓಡಾಡಿದ. ಯೋಚನೆ ಮಾಡಿದರೆ ಅದಕ್ಕೂ ಗುಂಡಿಗೆ ಬೇಕು, ತಡ್ಕೊಳ್ಳೋದರಲ್ಲಿ ಅವನೇನೂ ಕಡಿಮೆ ಇರಲಿಲ್ಲ. ಮೀನಿನ ಹುಡುಗ ಎಂಟು ಗಂಟೆಗೆ ಗೊತ್ತಾಗಿದ್ದನ್ನು ಎಂಟೂ ಹತ್ತಕ್ಕೆ ಹೇಳಿದ. ನನಗೆ ಬೇಕಾಗಿರುವುದು ಆ ಹತ್ತು ನಿಮಿಷದವನು.

ಉತ್ತರಗಳು ಚೆನ್ನಾಗಿರುತ್ತವೆ. ಒಬ್ಬ ಪಿಯುಸಿ ಫೇಲ್ ಆಗಿದ್ದನ್ನು ಅಪ್ಪನಿಗೆ ಎಂಟು ದಿನ ಬಿಟ್ಟು ಹೇಳಿದ್ದನಂತೆ. ಒಪ್ಪಿಕೊಂಡಿದ್ದಕ್ಕೆ ಅರ್ಧ ಅಂಕ ಕೊಟ್ಟೆ. ಒಬ್ಬ ಅಣ್ಣನ ಬೈಕು ಗುದ್ದಿಸಿ, ಅಲ್ಲಿಂದಲೇ ಫೋನ್ ಮಾಡಿದ್ದ. ಅವನಿಗೆ ಪೂರ್ತಿ. ಒಬ್ಬ ಮಾತ್ರ "ನಾನು ಯಾವತ್ತೂ ಕೆಟ್ಟ ಸುದ್ದಿ ಹೇಳೋ ಪರಿಸ್ಥಿತಿನೇ ಬಂದಿಲ್ಲ ಮೇಡಂ" ಅಂದ. ಮೊಣಕಾಲಿನ ಹುಡುಗ ಅವನೇ.

ಇಂಟರ್‌ವ್ಯೂ ಆದ ಮೇಲೆ ಒಂದು ದಿನದ ಕೂಲಿ ಕೊಟ್ಟು ಫೀಲ್ಡಿಗೆ ಕಳಿಸ್ತೀನಿ. ಮಾರೋಕೆ ಅಲ್ಲ, ವಸೂಲಿಗೆ. ನಮ್ಮ ಹಳೇ ಹುಡುಗನ ಜೊತೆ ಹೋಗಿ ಆರು ತಿಂಗಳ ಉದ್ರಿ ಕೇಳಬೇಕು. ವಸೂಲಿ ಆಗದಿದ್ದರೆ ಚಿಂತೆಯಿಲ್ಲ, ಆಗದ ಕಡೆಗೇ ಕಳಿಸೋದು. ಸಂಜೆ ಬಂದು ಏನು ಹೇಳ್ತಾನೆ ನೋಡಬೇಕು. "ಕೊಡ್ತಾರಂತೆ ಮೇಡಂ, ಬರೋ ವಾರ ಪಕ್ಕಾ" ಅಂದರೆ ಒಂದು ಥರ. "ಕೊಡಲ್ಲ ಅನ್ಸುತ್ತೆ, ಅವರ ಹಸು ಸತ್ತಿದೆ" ಅಂದರೆ ಇನ್ನೊಂದು ಥರ. ಈ ಪರೀಕ್ಷೆ ಪಾಸು ಮಾಡಿದವರೆಲ್ಲ ಉಳಿಯುತ್ತಾರೆ ಅಂತಲೂ ಇಲ್ಲ. ಬೈಕು ಗುದ್ದಿಸಿದವನು ಬಹಳ ಚೆನ್ನಾಗಿದ್ದ. ಮೂರನೇ ದಿನವೇ ಬಂದು "ಅಕ್ಕಾ, ನಂಗೆ ಈ ಕೆಲಸ ಆಗಲ್ಲ" ಅಂದ. ನನ್ನ ಲೆಕ್ಕದಲ್ಲಿ ಅದಕ್ಕೂ ಪೂರ್ತಿ ಅಂಕ ಕೊಡಬೇಕಾಗಿತ್ತು.

ನಾನೂ ಒಂದೆರಡು ಬದಲಾಯಿಸಿಕೊಂಡೆ. ಇನ್ಸೆಂಟಿವ್ ಈಗ ಬಿಲ್ಲಿನ ಮೇಲೆ ಅಲ್ಲ, ದುಡ್ಡು ಬಂದ ಮೇಲೆ. ಗೋಡೌನ್ ತುಂಬಿಸಿದರೆ ಯಾರಿಗೂ ಒಂದು ಪೈಸೆ ಹುಟ್ಟಲ್ಲ. ಬೆಳಗಿನ ಮೆಸೇಜು ನಿಲ್ಲಿಸಿದ್ದೀನಿ. ಅದು ಸುಲಭವಾಗಿರಲಿಲ್ಲ. ಮೊದಲ ವಾರ ಆರೂ ಮುಕ್ಕಾಲಿಗೆ ಕೈ ತಾನಾಗೇ ಫೋನಿಗೆ ಹೋಗುತ್ತಿತ್ತು. ಹಲ್ಲುಜ್ಜೋಕೆ ಹೋಗುತ್ತಿದ್ದೆ.

ಈ ವರ್ಷದ ಮಾರ್ಚ್ 31ಕ್ಕೆ ನಾವು ಸ್ಲ್ಯಾಬಿಗೆ ನಾಲ್ಕು ಲಕ್ಷ ಕಡಿಮೆ ಇದ್ದೆವು. ಬೆಳಗ್ಗೆ ಹತ್ತಕ್ಕೇ ಗೊತ್ತಾಗಿತ್ತು, ಆಗಲ್ಲ ಅಂತ. ಕಂಪನಿಯ ಏರಿಯಾ ಮ್ಯಾನೇಜರಿಗೆ ಹೇಳಬೇಕಿತ್ತು. ಮೊದಲು ಬ್ಯಾಂಕಿಗೆ ಹೋಗಿ ಬಂದೆ. ಆಮೇಲೆ ರ್‍ಯಾಕಿನಲ್ಲಿದ್ದ ಪೈಪಿನ ಎಲ್ಬೋ, ಟೀ ಜಾಯಿಂಟ್ ಎಲ್ಲ ಸೈಜ್ ಪ್ರಕಾರ ಜೋಡಿಸಿದೆ. ಊಟ ಮಾಡಿದೆ. ಮಧ್ಯಾಹ್ನ ಮೂರಕ್ಕೆ ಅವರೇ ಫೋನ್ ಮಾಡಿದರು, ಎತ್ತಲಿಲ್ಲ. ಸಂಜೆ ಮೀನಿನ ಹುಡುಗ ಫೀಲ್ಡಿನಿಂದ ಬಂದು, ಮೇಜಿನ ಮೇಲೆ ಕವುಚಿ ಹಾಕಿದ್ದ ನನ್ನ ಫೋನನ್ನೂ ನನ್ನನ್ನೂ ನೋಡಿದ. "ಹೇಳಿಬಿಡಿ ಅಕ್ಕಾ. ಆಮೇಲೆ ಟೀ ಹೇಳ್ತೀನಿ" ಅಂದ.

ಆರೂವರೆಗೆ ಫೋನ್ ಮಾಡಿದೆ. ಅತ್ತ ಕಡೆ ಮ್ಯಾನೇಜರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೇಡಂ, ಬೆಳಗ್ಗೇನೇ ಹೇಳಿದ್ರೆ ಏನಾದ್ರೂ ಮಾಡ್ಬಹುದಿತ್ತಲ್ಲ?" ಅಂದರು.